ಸೆರೆಯೊಳಗಿನ ಸೂತಕ



ದತ್ತಿ ಉಪನ್ಯಾಸವೆಂದರೆ ತೀರಿಹೋದ ಹಿರಿಯರೊಬ್ಬರ ನೆನಪಿಗಾಗಿ ಮನೆಯವರು ಊರಿಗೆ ಒಪ್ಪಿಸುವ ಒಂದು ಗಂಟೆ. ಅಗಲಿದವರ ಫೋಟೋ ಇಟ್ಟು, ಹೂ ಹಾಕಿ, ದೀಪ ಹಚ್ಚಿ, ನಾಲ್ಕು ಜನರ ಮುಂದೆ ಅವರ ಹೆಸರು ಹೇಳುವ ಅವಕಾಶ ಈ ದತ್ತಿಯನ್ನು ಇಟ್ಟ ಕುಟುಂಬಕ್ಕೆ ಸಿಕ್ಕಿದೆ. ಅದಕ್ಕಾಗಿಯೇ ಇವತ್ತು ಆ ಅವಕಾಶ ಇಲ್ಲದವರ ಬಗ್ಗೆ ಮಾತನಾಡಬೇಕೆಂದು ನನಗೆ ಅನ್ನಿಸಿತು. ಜೈಲಿನಲ್ಲಿರುವಾಗ ತಾಯಿ ತೀರಿಕೊಂಡರೆ, ಮಗು ತೀರಿಕೊಂಡರೆ, ಗಂಡನೋ ಹೆಂಡತಿಯೋ ಹೋಗಿಬಿಟ್ಟರೆ, ಆ ಮನುಷ್ಯ ಏನು ಮಾಡುತ್ತಾನೆ? ದಿನ ಹೇಗೆ ಕಳೆಯುತ್ತಾನೆ? ಇದೇ ನನ್ನ ವಿಷಯ.

ಈ ವಿಷಯ ನಾವು ಸೇರಿರುವ ಉಡುಪಿಯ ಬನ್ನಂಜೆಗೆ ದೂರದ್ದೇನಲ್ಲ. ಇಲ್ಲಿನ ಸರ್ಕಾರಿ ಬಸ್ ನಿಲ್ದಾಣಕ್ಕೆ ಡಾ. ವಿ.ಎಸ್. ಆಚಾರ್ಯರ ಹೆಸರಿದೆ. ಉಡುಪಿ ಪುರಸಭೆಯ ಅಧ್ಯಕ್ಷರಾಗಿದ್ದಾಗ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಿದ ಅದೇ ಆಚಾರ್ಯರು ತುರ್ತು ಪರಿಸ್ಥಿತಿಯಲ್ಲಿ ಜೈಲು ಕಂಡವರು. ಇಲ್ಲಿಂದ ಮಣಿಪಾಲ, ಪರ್ಕಳ, ಆತ್ರಾಡಿ ದಾಟಿ ಹಿರಿಯಡ್ಕದ ಕಡೆ ಹೋದರೆ ಅಂಜಾರಿನ ಕಾಜಾರಗುತ್ತುವಿನಲ್ಲಿ ನಮ್ಮ ಜಿಲ್ಲೆಯ ಜೈಲಿದೆ. ಕಾರ್ಕಳಕ್ಕೆ ಹೋಗುವಾಗ, ಪೆರ್ಡೂರಿನ ದೇವಸ್ಥಾನಕ್ಕೆ ಹೋಗುವಾಗ, ಅದರ ಆಸುಪಾಸಿನಲ್ಲೇ ನಮ್ಮ ವಾಹನಗಳು ಓಡುತ್ತವೆ. ಅಲ್ಲಿರುವವರು ನಮ್ಮ ಊರಿನವರು. ಅವರ ಮನೆಗಳಲ್ಲಿ ಆಗುವ ಸಾವೂ ನಮ್ಮ ಊರಿನ ಸಾವೇ.

ನಾನು ಉಚಿತ ಕಾನೂನು ನೆರವಿನ ವಕೀಲನಾಗಿ ಜೈಲುಗಳಿಗೆ ಹೋಗಿ ಬಂದವನು. ಅಲ್ಲಿ ಕಂಡದ್ದನ್ನೂ ಓದಿ ತಿಳಿದದ್ದನ್ನೂ ಸೇರಿಸಿ ನನಗೆ ಖಚಿತವಾಗಿರುವ ಒಂದು ಮಾತನ್ನು ನಿಮ್ಮ ಮುಂದಿಡುತ್ತೇನೆ. ಕೋರ್ಟು ಒಬ್ಬನ ಸ್ವಾತಂತ್ರ್ಯವನ್ನು ಕಿತ್ತುಕೊಳ್ಳಬಹುದು. ಸತ್ತವರಿಗಾಗಿ ದುಃಖಪಡುವ ಅವನ ಹಕ್ಕನ್ನು ಕಿತ್ತುಕೊಳ್ಳುವ ಅಧಿಕಾರ ಯಾರಿಗೂ ಇಲ್ಲ.

ಜೈಲಿನ ಒಂದು ದಿನ

ಬೆಳಗ್ಗೆ ಬ್ಯಾರಕ್ಕಿನ ಬೀಗ ತೆಗೆಯುತ್ತಾರೆ. ಮೊದಲ ಕೆಲಸ ಎಣಿಕೆ. ರಾತ್ರಿ ಎಷ್ಟು ಜನ ಒಳಗೆ ಹೋಗಿದ್ದರೋ ಬೆಳಗ್ಗೆ ಅಷ್ಟೇ ಜನ ಹೊರಗೆ ಬರಬೇಕು. ಆಮೇಲೆ ನೀರಿಗೆ ಸಾಲು, ಪಾಯಿಖಾನೆಗೆ ಸಾಲು, ಚಹಾಕ್ಕೆ ಸಾಲು, ತಿಂಡಿಗೆ ಸಾಲು. ಕೋರ್ಟಿನ ತಾರೀಕು ಇರುವವರನ್ನು ಹೆಸರು ಕೂಗಿ ಕರೆಯುತ್ತಾರೆ. ಈಗೀಗ ಹಲವು ತಾರೀಕುಗಳು ವಿಡಿಯೋ ಪರದೆಯ ಮೇಲೆಯೇ ಮುಗಿಯುತ್ತವೆ. ಉಳಿದವರಿಗೆ ಮಧ್ಯಾಹ್ನದವರೆಗೆ ಅಂಗಳ. ಮಧ್ಯಾಹ್ನ ಊಟ. ಸಂಜೆ ಬೆಳಕಿರುವಾಗಲೇ ರಾತ್ರಿಯ ಊಟವನ್ನೂ ಹಂಚಿ ಮುಗಿಸುತ್ತಾರೆ. ಮತ್ತೆ ಎಣಿಕೆ, ಮತ್ತೆ ಬೀಗ. ನಾವು ಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಅವರ ದಿನ ಮುಗಿದಿರುತ್ತದೆ. ಅಲ್ಲಿಂದ ಮರುದಿನದ ಬೀಗ ತೆಗೆಯುವವರೆಗೆ ಸುಮಾರು ಹನ್ನೆರಡು ಗಂಟೆಯ ರಾತ್ರಿ.

ಶಿಕ್ಷೆಯಾದವರಿಗೆ ಕೆಲಸ ಇರುತ್ತದೆ. ಅಡುಗೆಮನೆ, ತೋಟ, ಮಗ್ಗ, ಬಡಗಿ ಕೆಲಸ, ಬೇಕರಿ ಹೀಗೆ. ಅದಕ್ಕೆ ಕೂಲಿಯೂ ಇದೆ. ವಿಚಾರಣಾಧೀನ ಕೈದಿಗಳ ಪಾಡು ಬೇರೆ. ಅವರು ತಮ್ಮದೇ ಬಟ್ಟೆ ಹಾಕಿಕೊಳ್ಳುತ್ತಾರೆ. ದುಡಿಯಬೇಕೆಂಬ ಕಡ್ಡಾಯ ಅವರಿಗಿಲ್ಲ. ಕೇಳುವುದಕ್ಕೆ ಇದು ಸೌಕರ್ಯದಂತೆ ಕಾಣಬಹುದು. ಮಾಡಲು ಕೆಲಸವೇ ಇಲ್ಲದ, ಮುಗಿಯುವ ತಾರೀಕೂ ಗೊತ್ತಿಲ್ಲದ ದಿನಕ್ಕಿಂತ ಭಾರವಾದದ್ದು ಬೇರೆ ಇಲ್ಲ. ಶಿಕ್ಷೆಯಾದವನು ಎಷ್ಟು ವರ್ಷ ಉಳಿಯಿತೆಂದು ಲೆಕ್ಕ ಹಾಕಬಲ್ಲ. ವಿಚಾರಣಾಧೀನನಿಗೆ ಆ ಲೆಕ್ಕವೂ ಇಲ್ಲ.

ಜೈಲಿನಲ್ಲಿ ಕಳೆದುಕೊಳ್ಳುವುದು ಒಂದೇ ಸಲ ಆಗುವುದಿಲ್ಲ. ಮೊದಲು ಹೋಗುವುದು ನಾಲಿಗೆಯ ರುಚಿ. ಮಲ್ಪೆಯ ಹುಡುಗನಿಗೆ ಕುಚ್ಚಲಕ್ಕಿ ಗಂಜಿ, ಬಂಗುಡೆ ಪುಳಿಮುಂಚಿ ನೆನಪಾಗುತ್ತದೆ. ಆಮೇಲೆ ಹೊರಗಿನ ಕೆಲಸ ಹೋಗುತ್ತದೆ. ಬೋಟಿನ ಕೆಲಸವಾಗಲಿ, ಹೊಟೇಲಿನ ಕೆಲಸವಾಗಲಿ, ಯಾರಿಗಾಗಿಯೂ ಕಾಯುವುದಿಲ್ಲ. ಮನೆಯ ನೇಮ ಆಗುತ್ತದೆ, ತಂಗಿಯ ಮದುವೆ ಆಗುತ್ತದೆ, ಮಗು ಶಾಲೆಗೆ ಸೇರುತ್ತದೆ. ಇವೆಲ್ಲ ಅವನಿಲ್ಲದೆ ಆಗುತ್ತವೆ, ಆಗಬೇಕಾದದ್ದೇ. ಮುಲಾಖತ್ತಿನಲ್ಲಿ ಜಾಲರಿಯ ಆಚೆ ನಿಂತ ಮನೆಯವರು ಹತ್ತು ನಿಮಿಷದಲ್ಲಿ ಇಷ್ಟನ್ನೂ ಹೇಳಿ ಮುಗಿಸಬೇಕು. ಪಕ್ಕದಲ್ಲಿ ಇನ್ನೂ ನಾಲ್ಕು ಮನೆಯವರು ಗಟ್ಟಿಯಾಗಿ ಮಾತನಾಡುತ್ತಿರುತ್ತಾರೆ. ಗುಟ್ಟಿನ ಮಾತು ಅಲ್ಲಿ ಹುಟ್ಟುವುದೇ ಇಲ್ಲ. ಆದ್ದರಿಂದ ಬಂದವರು "ಎಲ್ಲ ಸೌಖ್ಯ" ಎನ್ನುತ್ತಾರೆ. ಒಳಗಿರುವವನೂ "ನನಗೇನೂ ತೊಂದರೆ ಇಲ್ಲ" ಎನ್ನುತ್ತಾನೆ. ಇಬ್ಬರಿಗೂ ಅದು ಸುಳ್ಳೆಂದು ಗೊತ್ತು.

ಸುದ್ದಿ ತಲುಪುವ ದಾರಿ

ಇಷ್ಟರ ಮೇಲೆ ಸಾವಿನ ಸುದ್ದಿ ಬರುತ್ತದೆ.

ನಮ್ಮ ತುಳುನಾಡಿನಲ್ಲಿ ಸಾವು ಎಂದರೆ ಕೈತುಂಬ ಕೆಲಸ. ಕೊನೆಯುಸಿರಿನ ಹೊತ್ತಿಗೆ ಬಾಯಿಗೆ ನೀರು ಬಿಡಬೇಕು. ದೇಹವನ್ನು ಮೀಯಿಸಬೇಕು. ಒಬ್ಬರು ಸೌದೆಗೆ ಓಡಬೇಕು, ಒಬ್ಬರು ನೆಂಟರಿಗೆ ಹೇಳಿಕಳಿಸಬೇಕು. ಚಿತೆಗೆ ಬೆಂಕಿ ಕೊಡಬೇಕು. ಬೂದಿ ಒಟ್ಟುಮಾಡಿ ದೂಪೆ ಕಟ್ಟಬೇಕು. ಸೂತಕ ಕಳೆಯಬೇಕು, ಬೊಜ್ಜ ಎಂಬ ಉತ್ತರಕ್ರಿಯೆ ಮಾಡಬೇಕು, ಹೋದವರನ್ನು ಹದಿನಾರಕ್ಕೆ ಸೇರಿಸಿ ಹಿರಿಯರ ಸಾಲಿನಲ್ಲಿ ಕೂರಿಸಬೇಕು. ಆಟಿಯಲ್ಲಿ, ದೀಪಾವಳಿಯಲ್ಲಿ ಎಲೆ ಹಾಕಿ ಬಡಿಸಬೇಕು. ಇಗರ್ಜಿಯವರಿಗೆ ಅವರ ಪೂಜೆ, ಮಸೀದಿಯವರಿಗೆ ಅವರ ನಮಾಜು ಇವೆ. ಅಲ್ಲಿಯೂ ಹೆಗಲು ಕೊಡುವುದು, ಮಣ್ಣು ಹಾಕುವುದು ಕೈಯಿಂದಲೇ. ಈ ಕೆಲಸಗಳನ್ನು ನಮ್ಮ ಹಿರಿಯರು ಸುಮ್ಮನೆ ಇಟ್ಟದ್ದಲ್ಲ. ದುಃಖದಲ್ಲಿ ಕುಸಿದವನನ್ನು ಎಬ್ಬಿಸಿ ನಿಲ್ಲಿಸಲು ಒಂದರ ಹಿಂದೆ ಒಂದು ಕೆಲಸ ಕೊಟ್ಟಿದ್ದಾರೆ. ಸೂತಕದ ದಿನಗಳು ಮುಗಿಯುವ ಹೊತ್ತಿಗೆ ಅವನು ಅನ್ನ ಉಣ್ಣುವಷ್ಟು ಗಟ್ಟಿಯಾಗಿರುತ್ತಾನೆ.

ಜೈಲಿನಲ್ಲಿರುವವನಿಗೆ ಇದರಲ್ಲಿ ಒಂದು ಕೆಲಸವೂ ಇಲ್ಲ. ಮನೆಯವರು ಠಾಣೆಗೋ ಜೈಲಿನ ಕಚೇರಿಗೋ ಫೋನ್ ಮಾಡುತ್ತಾರೆ. ಅವನನ್ನು ಹೆಸರು ಕೂಗಿ ಕಚೇರಿಗೆ ಕರೆಸುತ್ತಾರೆ. ಹೊತ್ತಲ್ಲದ ಹೊತ್ತಿನಲ್ಲಿ ಹೆಸರು ಕೂಗಿದರೆ ಬ್ಯಾರಕ್ಕಿನವರಿಗೆಲ್ಲ ಅರ್ಥವಾಗುತ್ತದೆ, ಜಾಮೀನು ಆಗಿರಬೇಕು ಅಥವಾ ಮನೆಯಲ್ಲಿ ಸಾವು ಆಗಿರಬೇಕು. ಸುದ್ದಿ ಕೇಳಿದ ಮೇಲೆ ಕಾಗದಪತ್ರ ಶುರು. ಶಿಕ್ಷೆಯಾದವನಾದರೆ ಪೆರೋಲಿಗೆ ಅರ್ಜಿ. ವಿಚಾರಣಾಧೀನನಾದರೆ ಕೋರ್ಟಿಗೆ ಹೋಗಬೇಕು. ಮಧ್ಯಂತರ ಜಾಮೀನು ಕೇಳಬೇಕು, ಇಲ್ಲವೇ ಪೊಲೀಸ್ ಬೆಂಗಾವಲಿನಲ್ಲಿ ಹೋಗಿಬರಲು ಅನುಮತಿ ಕೇಳಬೇಕು. ವಕೀಲರು ಸಿಗಬೇಕು. ಸಾವಿನ ಬಗ್ಗೆ ದಾಖಲೆ ಬೇಕು. ಸರ್ಕಾರಿ ಅಭಿಯೋಜಕರು ಆಕ್ಷೇಪಣೆ ಹೇಳಬೇಕು. ಆದೇಶ ಜೈಲಿಗೆ ಮುಟ್ಟಬೇಕು. ಬೆಂಗಾವಲಿಗೆ ಸಿಬ್ಬಂದಿ ಸಿಗಬೇಕು. ಶನಿವಾರ ಸಂಜೆ ಸಾವು ಆದರೆ, ಮಳೆಗಾಲದ ದಿನವಾದರೆ, ಮನೆಯವರು ಎಷ್ಟು ಹೊತ್ತು ಕಾಯುತ್ತಾರೆ? ಹೆಣ ಕಾಯುವುದಿಲ್ಲ. ಬಹಳ ಸಲ ಆದೇಶ ಬರುವ ಮೊದಲೇ ಬೆಂಕಿ ಆರಿರುತ್ತದೆ.

ಹಾಗೆ ತಾಯಿಯನ್ನು ಕಳೆದುಕೊಂಡ ಹುಡುಗನೊಬ್ಬನನ್ನು ಸಂದರ್ಶನದ ಕೋಣೆಯಲ್ಲಿ ಕಂಡದ್ದು ನನ್ನ ಕಣ್ಣ ಮುಂದಿದೆ. ಕೇಸಿನ ವಿಚಾರ ಅವನು ಎತ್ತಲಿಲ್ಲ. ಜಾಮೀನು ಯಾವಾಗ ಎಂದೂ ಕೇಳಲಿಲ್ಲ. ಅವನು ಕೇಳಿದ್ದು, "ಸರ್, ಬೆಂಕಿ ಕೊಟ್ಟವರು ಯಾರು? ನಮ್ಮ ಜಾಗದಲ್ಲೇ ಮಾಡಿದರಾ?" ಎಂದು. ದೊಡ್ಡಪ್ಪನ ಮಗ ಕೊಟ್ಟ, ತೋಟದ ಬದಿಯಲ್ಲೇ ಆಯಿತು ಎಂದು ಹೇಳಿದಾಗ ಆ ಮುಖದಲ್ಲಿ ಒಂದಿಷ್ಟು ಸಮಾಧಾನ ಕಂಡಿತು. ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡು, ಬೊಜ್ಜದ ದಿನ ಯಾವುದು ಎಂದು ಕೇಳಿ, ಅಂಗೈ ಮೇಲೆ ಪೆನ್ನಿನಿಂದ ಆ ತಾರೀಕು ಬರೆದುಕೊಂಡ. ಆ ದಿನ ಒಪ್ಪೊತ್ತು ಇರುತ್ತೇನೆ ಎಂದ. ಅವನಿಗೆ ಸಿಕ್ಕಿದ ಉತ್ತರಕ್ರಿಯೆ ಅಷ್ಟೇ.

ಉಮಾಬಾಯಿ ಕುಂದಾಪುರ

ಸೆರೆಯೊಳಗೆ ಸೂತಕ ಕಳೆದವರಲ್ಲಿ ನಮ್ಮ ಕರಾವಳಿಯ ಹೆಣ್ಣುಮಗಳೊಬ್ಬರನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. ಉಮಾಬಾಯಿ ಕುಂದಾಪುರ ಹುಟ್ಟಿದ್ದು 1892ರಲ್ಲಿ, ಮಂಗಳೂರಿನಲ್ಲಿ. ತವರಿನ ಹೆಸರು ಭವಾನಿ ಗೋಳಿಕೇರಿ. ಸಂಜೀವರಾವ್ ಕುಂದಾಪುರ ಅವರನ್ನು ಮದುವೆಯಾಗಿ ಹೋದ ಮನೆಯಲ್ಲಿ ಮಾವ ಆನಂದರಾಯರು ಸೊಸೆಯನ್ನು ಓದಿಸಿದರು. ಗಂಡ ಕ್ಷಯದಿಂದ ತೀರಿಕೊಂಡರು. ವಿಧವೆಯಾದ ಸೊಸೆಯನ್ನು ಮೂಲೆಗೆ ಕೂರಿಸುವ ಕಾಲ ಅದು. ಆನಂದರಾಯರು ಹಾಗೆ ಮಾಡಲಿಲ್ಲ. ಹುಬ್ಬಳ್ಳಿಗೆ ಬಂದು ಕರ್ನಾಟಕ ಪ್ರೆಸ್ ನಡೆಸಿದರು. ಸೊಸೆ ಹೆಣ್ಣುಮಕ್ಕಳ ಶಾಲೆಯನ್ನೂ ಭಗಿನಿ ಮಂಡಲವನ್ನೂ ನಡೆಸಲು ಬೆನ್ನಿಗೆ ನಿಂತರು. ಡಾ. ನಾ.ಸು. ಹರ್ಡೀಕರರ ಹಿಂದುಸ್ತಾನಿ ಸೇವಾದಳದ ಮಹಿಳಾ ವಿಭಾಗವನ್ನು ಉಮಾಬಾಯಿ ಕಟ್ಟಿದರು. ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದ 1924ರ ಬೆಳಗಾವಿ ಕಾಂಗ್ರೆಸ್ಸಿಗೆ ಸ್ವಯಂಸೇವಕಿಯರನ್ನು ಸೇರಿಸಲು ಊರೂರು ತಿರುಗಿದರು.

1932ರಲ್ಲಿ ಅವರನ್ನು ಹಿಡಿದು ಯರವಡಾ ಜೈಲಿಗೆ ಹಾಕಿದರು. ನಾಲ್ಕು ತಿಂಗಳ ಸೆರೆ. ಅಲ್ಲಿರುವಾಗ ಆನಂದರಾಯರು ತೀರಿಕೊಂಡ ಸುದ್ದಿ ಬಂತು. ಗಂಡ ಹೋದ ಮೇಲೆ ಆಸರೆಯಾಗಿದ್ದ ಒಬ್ಬನೇ ಮನುಷ್ಯ, ತಂದೆಗಿಂತ ಹೆಚ್ಚಿನ ಮಾವ. ಕೊನೆಯ ದರ್ಶನ ಇಲ್ಲ. ಅದೇ ಜೈಲಿನಲ್ಲಿದ್ದ ಕಮಲಾದೇವಿ ಚಟ್ಟೋಪಾಧ್ಯಾಯರು ಉಮಾಬಾಯಿಯನ್ನು ಸಂತೈಸಿದರು. ಕಮಲಾದೇವಿಯೂ ಮಂಗಳೂರಿನಲ್ಲಿ ಹುಟ್ಟಿದವರು, ಎಳವೆಯಲ್ಲೇ ವೈಧವ್ಯ ಕಂಡವರು. ಪುಣೆಯ ಒಂದು ಜೈಲಿನೊಳಗೆ ಮಂಗಳೂರಿನ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬರ ದುಃಖಕ್ಕೆ ಇನ್ನೊಬ್ಬರು ಮನೆಯವರಾದರು.

ಬಿಡುಗಡೆಯಾಗಿ ಹೊರಗೆ ಬಂದರೆ ಹೊರಗೂ ಏನೂ ಉಳಿದಿರಲಿಲ್ಲ. ಸರ್ಕಾರ ಪ್ರೆಸ್ಸನ್ನು ಮುಟ್ಟುಗೋಲು ಹಾಕಿಕೊಂಡಿತ್ತು, ಶಾಲೆಗೆ ಬೀಗ ಬಿದ್ದಿತ್ತು, ಭಗಿನಿ ಮಂಡಲವನ್ನು ಕಾನೂನುಬಾಹಿರ ಎಂದು ಸಾರಿತ್ತು. ಆಗ ಉಮಾಬಾಯಿ ಮಾಡಿದ್ದೇನು? ಬೇರೆ ಜೈಲುಗಳಿಂದ ಬಿಡುಗಡೆಯಾಗಿ ಬರುವ, ಹೋಗಲು ದಿಕ್ಕಿಲ್ಲದ ಸತ್ಯಾಗ್ರಹಿ ಹೆಣ್ಣುಮಕ್ಕಳಿಗೆ ತಮ್ಮ ಮನೆಯ ಬಾಗಿಲು ತೆರೆದರು, ಊಟ ಹಾಕಿದರು, ಊರಿಗೆ ತಲುಪಿಸುವ ವ್ಯವಸ್ಥೆ ಮಾಡಿದರು. 1934ರಲ್ಲಿ ಬಿಹಾರದಲ್ಲಿ ಭೂಕಂಪವಾದಾಗ ಸ್ವಯಂಸೇವಕರೊಂದಿಗೆ ಹೋಗಿ ನಿರಾಶ್ರಿತರ ನಡುವೆ ದುಡಿದರು. ಮಾವನಿಗೆ ಮಾಡಲಾಗದೇ ಹೋದ ಸೇವೆಯನ್ನು ಅವರು ಊರಿಗೆ ಮಾಡಿದರು ಎಂದು ನಾನು ತಿಳಿಯುತ್ತೇನೆ. ಹುಬ್ಬಳ್ಳಿಯಲ್ಲಿ ಅವರು ಕೊನೆಯವರೆಗೂ ಬಾಳಿದ ಪುಟ್ಟ ಮನೆಯ ಹೆಸರು ಆನಂದಸ್ಮೃತಿ. 1992ರಲ್ಲಿ, ನೂರು ತುಂಬಿದ ವರ್ಷ, ತೀರಿಕೊಂಡರು.

ಆಗಾಖಾನ್ ಅರಮನೆಯ ಎರಡು ಸಮಾಧಿಗಳು

ಉಮಾಬಾಯಿ ಇದ್ದ ಯರವಡಾದ ಪಕ್ಕದಲ್ಲೇ ಆಗಾಖಾನ್ ಅರಮನೆ ಇದೆ. 1942ರ ಆಗಸ್ಟ್ 9ರಂದು ಗಾಂಧೀಜಿಯನ್ನು ಬಂಧಿಸಿ ಅಲ್ಲಿಟ್ಟರು. ಆರೇ ದಿನಕ್ಕೆ, ಆಗಸ್ಟ್ 15ರಂದು, ಮಹಾದೇವ ದೇಸಾಯಿ ತೀರಿಕೊಂಡರು. ಇಪ್ಪತ್ತೈದು ವರ್ಷ ನೆರಳಿನಂತೆ ಜೊತೆಗಿದ್ದ ಕಾರ್ಯದರ್ಶಿ, ಮಗನಂಥವರು. ಗಾಂಧೀಜಿ ಆ ದೇಹವನ್ನು ತಾವೇ ಮೀಯಿಸಿದರು. ಅರಮನೆಯ ಆವರಣದಲ್ಲೇ ದಹನವಾಯಿತು. ಆಮೇಲೆ ಆ ಜಾಗಕ್ಕೆ ದಿನವೂ ನಡೆದುಹೋಗಿ ಹೂ ಇಟ್ಟು ಬರುವುದು ಗಾಂಧೀಜಿಯ ದಿನಚರಿಗೆ ಸೇರಿತು. 1944ರ ಫೆಬ್ರವರಿ 22ರಂದು ಕಸ್ತೂರಬಾ ಅದೇ ಸೆರೆಯಲ್ಲಿ ಗಾಂಧೀಜಿಯ ತೊಡೆಯ ಮೇಲೆ ಪ್ರಾಣ ಬಿಟ್ಟರು. ಗಾಂಧೀಜಿ ನೂತ ನೂಲಿನ ಸೀರೆ ಉಡಿಸಿದರು. ಮಹಾದೇವರ ಪಕ್ಕದಲ್ಲೇ ಚಿತೆ ಉರಿಯಿತು.

ಆ ದುಃಖವನ್ನು ಗಾಂಧೀಜಿ ಹೇಗೆ ತಡೆದುಕೊಂಡರು ಎಂಬುದಕ್ಕೆ ದೊಡ್ಡ ತತ್ತ್ವದ ಉತ್ತರಕ್ಕಿಂತ ಆ ದಿನಚರಿಯೇ ಸರಿಯಾದ ಉತ್ತರ. ಏಳುವ ಹೊತ್ತಿಗೆ ಎದ್ದರು, ಪ್ರಾರ್ಥನೆಯ ಹೊತ್ತಿಗೆ ಪ್ರಾರ್ಥಿಸಿದರು, ನೂಲುವ ಹೊತ್ತಿಗೆ ನೂತರು, ಸಮಾಧಿಗೆ ಹೋಗುವ ಹೊತ್ತಿಗೆ ಹೋದರು. ಒಂದು ಮಾತನ್ನು ಇಲ್ಲಿ ಮರೆಯಬಾರದು. ಗಾಂಧೀಜಿಗೆ ದೇಹ ಸಿಕ್ಕಿತು, ಮೀಯಿಸಲು ನೀರು ಸಿಕ್ಕಿತು, ಹೂ ಇಡಲು ಒಂದು ಜಾಗ ಸಿಕ್ಕಿತು. ಸೆರೆಯಲ್ಲಿದ್ದರೂ ಸೂತಕದ ಕೆಲಸ ಅವರ ಕೈಗೆ ಸಿಕ್ಕಿತು. ಉಮಾಬಾಯಿಗೆ ಅದು ಸಿಗಲಿಲ್ಲ. ಮಂಡಾಲೆಯ ಸೆರೆಯಲ್ಲಿದ್ದ ಲೋಕಮಾನ್ಯ ತಿಲಕರಿಗೂ 1912ರಲ್ಲಿ ಹೆಂಡತಿ ಸತ್ಯಭಾಮಾಬಾಯಿ ತೀರಿಕೊಂಡಾಗ ಸಿಗಲಿಲ್ಲ.

ಕಸ್ತೂರಬಾ ಹೆಸರಿನಲ್ಲಿ ದೇಶವೆಲ್ಲ ಕೂಡಿ ನಿಧಿ ಸಂಗ್ರಹಿಸಿತು. ಹಳ್ಳಿಯ ಹೆಂಗಸರು ಮಕ್ಕಳಿಗಾಗಿ ಕಸ್ತೂರಬಾ ಟ್ರಸ್ಟ್ ಹುಟ್ಟಿತು. 1946ರಲ್ಲಿ ಅದರ ಕರ್ನಾಟಕ ಶಾಖೆಯ ಹೊಣೆಯನ್ನು ಗಾಂಧೀಜಿ ಒಪ್ಪಿಸಿದ್ದು ಇದೇ ಉಮಾಬಾಯಿ ಕುಂದಾಪುರ ಅವರಿಗೆ. ಸೆರೆಯಲ್ಲಿ ಹೆಂಡತಿಯನ್ನು ಕಳೆದುಕೊಂಡವರು, ಸೆರೆಯಲ್ಲಿ ಮಾವನನ್ನು ಕಳೆದುಕೊಂಡವರಿಗೆ ಒಪ್ಪಿಸಿದ ಕೆಲಸ ಅದು. ಹಳ್ಳಿಯ ಹೆಣ್ಣುಮಕ್ಕಳಿಗೆ ಆರೋಗ್ಯ, ಶಿಶುಪಾಲನೆ, ಕೈಕೆಲಸ ಕಲಿಸಿ ಗ್ರಾಮಸೇವಿಕೆಯರನ್ನಾಗಿ ಮಾಡುವ ಕೆಲಸ.

ಬೆಂಗಳೂರು ಜೈಲಿನ ಸ್ನೇಹಲತಾ

ಸ್ವಾತಂತ್ರ್ಯ ಬಂದ ಮೇಲಿನ ಜೈಲಿಗೆ ಬರೋಣ. ಸ್ನೇಹಲತಾ ರೆಡ್ಡಿಯವರನ್ನು ನೀವು 'ಸಂಸ್ಕಾರ' ಚಿತ್ರದ ಚಂದ್ರಿಯಾಗಿ ಕಂಡಿದ್ದೀರಿ. ಯು.ಆರ್. ಅನಂತಮೂರ್ತಿಯವರ ಕಾದಂಬರಿಯನ್ನು ಪಟ್ಟಾಭಿರಾಮ ರೆಡ್ಡಿ 1970ರಲ್ಲಿ ತೆರೆಗೆ ತಂದರು. ನಾರಣಪ್ಪನ ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು ಎಂದು ಅಗ್ರಹಾರ ತರ್ಕ ಮಾಡುತ್ತಿರುವಾಗ, ಆ ಹೆಣಕ್ಕೆ ಬೆಂಕಿ ಸಿಗುವಂತೆ ಮಾಡಿದವಳು ಚಂದ್ರಿ. ಆ ಪಾತ್ರ ಮಾಡಿದ ಸ್ನೇಹಲತಾರನ್ನು ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರ ಮೇ ತಿಂಗಳಲ್ಲಿ, ಬರೋಡಾ ಡೈನಮೈಟ್ ಪ್ರಕರಣದ ನೆಪದಲ್ಲಿ ಹಿಡಿದು, ವಿಚಾರಣೆಯಿಲ್ಲದೆ ಸೆರೆಯಲ್ಲಿಡುವ ಮೀಸಾ ಕಾಯ್ದೆಯಡಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿಟ್ಟರು. ಆ ಪ್ರಕರಣದ ಅಂತಿಮ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ.

ಒಬ್ಬರು ಮಲಗುವಷ್ಟೇ ಜಾಗದ ಸೆಲ್. ಒಂದು ಕೊನೆಯಲ್ಲಿ ಪಾಯಿಖಾನೆಗೆಂದು ಒಂದು ತೂತು, ಇನ್ನೊಂದು ಕೊನೆಯಲ್ಲಿ ಕಬ್ಬಿಣದ ಸರಳು. ಅವರಿಗೆ ತೀವ್ರ ಅಸ್ತಮಾ ಇತ್ತು. ರಾತ್ರಿ ಉಸಿರಿಗಾಗಿ ಅವರು ಒದ್ದಾಡಿ ಕೂಗುತ್ತಿದ್ದದ್ದು ತಮಗೆ ಕೇಳಿಸುತ್ತಿತ್ತು ಎಂದು ಅದೇ ಜೈಲಿನಲ್ಲಿದ್ದ ಸಮಾಜವಾದಿ ಮುಖಂಡ ಮಧು ದಂಡವತೆ ಬರೆದಿಟ್ಟಿದ್ದಾರೆ. ಅಂಥ ಸ್ಥಿತಿಯಲ್ಲೂ ಸ್ನೇಹಲತಾ ಜೈಲಿನ ಹೆಂಗಸರಿಗೆ ಹಾಡು, ಆಟ ಕಲಿಸಿದರು, ಅವರ ಊಟಕ್ಕಾಗಿ, ಅವರನ್ನು ಹೊಡೆಯುವುದು ನಿಲ್ಲಲಿ ಎಂದು ಅಧಿಕಾರಿಗಳೊಡನೆ ಜಗಳವಾಡಿದರು, ದಿನಚರಿ ಬರೆದರು. 1977ರ ಜನವರಿ 15ರಂದು ಪೆರೋಲಿನ ಮೇಲೆ ಬಿಟ್ಟರು. ಜನವರಿ 20ರಂದು ತೀರಿಕೊಂಡರು. ಆ ದಿನಚರಿ ಆಮೇಲೆ ಪುಸ್ತಕವಾಗಿ ಬಂತು. ತನ್ನ ಸಾವು ಹತ್ತಿರ ಬರುತ್ತಿರುವಾಗಲೂ ಪಕ್ಕದ ಸೆಲ್ಲಿನವರ ಅಳು ಆಕೆಗೆ ಕೇಳಿಸಿತ್ತು.

ದಂಡವತೆಯವರ ಹೆಂಡತಿ ಪ್ರಮಿಳಾ ಆ ಕಾಲದಲ್ಲಿ ಯರವಡಾ ಜೈಲಿನಲ್ಲಿದ್ದರು. ಗಂಡ ಬೆಂಗಳೂರಿನಲ್ಲಿ, ಹೆಂಡತಿ ಪುಣೆಯಲ್ಲಿ; ಸೆನ್ಸಾರ್ ಆಗಿ ಬರುವ ಕಾಗದಗಳಲ್ಲೇ ಸಂಸಾರ. ಓದಿದ ಪುಸ್ತಕ, ಕೇಳಿದ ಸಂಗೀತ, ಮಗನ ಯೋಗಕ್ಷೇಮ ಎಲ್ಲವೂ ಆ ಕಾಗದಗಳಲ್ಲಿ ಓಡಾಡಿತು. ಜೈಲಿನಲ್ಲಿ ಕಾಗದ ಎಂಬುದು ಅನ್ನದಷ್ಟೇ ದೊಡ್ಡದು.

ಒಂದು ಕಾಗದ, ಒಂದು ತೀರ್ಪು

ಇವರೆಲ್ಲ ಹೆಸರುಳ್ಳವರು. ಹೆಸರಿಲ್ಲದವರ ಮಾತು ಎಲ್ಲಿ ದಾಖಲಾಗಿದೆ? ಅಂಥದ್ದೂ ಒಂದು ಕರ್ನಾಟಕದಲ್ಲಿದೆ. ಬೆಂಗಳೂರು ಸೆಂಟ್ರಲ್ ಜೈಲಿನ ಕೈದಿ ರಾಮಮೂರ್ತಿ ಎಂಬವರು ಸುಪ್ರೀಂ ಕೋರ್ಟಿಗೆ ಕಾಗದ ಬರೆದು ಒಳಗಿನ ಪಾಡು ಹೇಳಿಕೊಂಡರು. ಕೋರ್ಟು ಅದನ್ನೇ ಅರ್ಜಿಯಾಗಿ ಎತ್ತಿಕೊಂಡು, ಬೆಂಗಳೂರಿನ ಜಿಲ್ಲಾ ನ್ಯಾಯಾಧೀಶರನ್ನು ಜೈಲಿಗೆ ಕಳಿಸಿ ವರದಿ ತರಿಸಿಕೊಂಡಿತು. 1996ರ ಡಿಸೆಂಬರಿನಲ್ಲಿ ಬಂದ 'ರಾಮಮೂರ್ತಿ ವಿರುದ್ಧ ಕರ್ನಾಟಕ ರಾಜ್ಯ' ತೀರ್ಪು ಭಾರತದ ಜೈಲುಗಳ ಒಂಬತ್ತು ಮುಖ್ಯ ಸಮಸ್ಯೆಗಳನ್ನು ಪಟ್ಟಿ ಮಾಡಿತು. ಕಿಕ್ಕಿರಿದ ಬ್ಯಾರಕ್, ವಿಚಾರಣೆಯ ವಿಳಂಬ, ಹಿಂಸೆ, ಆರೋಗ್ಯದ ಅಲಕ್ಷ್ಯ ಇವುಗಳ ಜೊತೆಗೆ ಹೊರಗಿನವರೊಡನೆ ಸಂಪರ್ಕದ ಕೊರತೆಯನ್ನೂ ಭೇಟಿಯ ಅವ್ಯವಸ್ಥೆಯನ್ನೂ ಸೇರಿಸಿತು. ಮನೆಯವರ ಸುದ್ದಿ ಸಿಗದಿರುವುದು, ಮನೆಯವರನ್ನು ಸರಿಯಾಗಿ ಕಾಣಲಾಗದಿರುವುದು ಸಣ್ಣ ಕಿರಿಕಿರಿಯಲ್ಲ, ಮೂಲಭೂತ ಸಮಸ್ಯೆ ಎಂದು ದೇಶದ ದೊಡ್ಡ ಕೋರ್ಟು ಒಪ್ಪಿಕೊಂಡದ್ದು ಹೀಗೆ.

ಇದರ ಜೊತೆಗೆ ಒಂದು ನಿಯಮವನ್ನೂ ಇಲ್ಲಿನ ವಕೀಲ ಮಿತ್ರರು ನೆನಪಿಟ್ಟುಕೊಳ್ಳಬೇಕು. ಅದರ ಹೆಸರಿನ ಹಿಂದಿರುವ ಕಥೆಯನ್ನು ಮೊದಲು ಹೇಳುತ್ತೇನೆ. ನೆಲ್ಸನ್ ಮಂಡೇಲಾ ರಾಬೆನ್ ದ್ವೀಪದ ಜೈಲಿನಲ್ಲಿದ್ದಾಗ 1968ರಲ್ಲಿ ತಾಯಿ ತೀರಿಕೊಂಡರು. ಮಣ್ಣಿಗೆ ಹೋಗಲು ಬಿಡಲಿಲ್ಲ. ಮರುವರ್ಷ ಹಿರಿಯ ಮಗ ತೆಂಬಿ ಕಾರು ಅಪಘಾತದಲ್ಲಿ ತೀರಿಕೊಂಡ, ಆಗಲೂ ಬಿಡಲಿಲ್ಲ. ತಂತಿ ಓದಿದ ಮಂಡೇಲಾ ಸೆಲ್ಲಿಗೆ ಬಂದು ಮಲಗಿಬಿಟ್ಟರು. ಊಟಕ್ಕೂ ಹೊರಗೆ ಬರಲಿಲ್ಲ. ಜೊತೆಯ ಕೈದಿ ವಾಲ್ಟರ್ ಸಿಸುಲು ಬಂದು ಪಕ್ಕದಲ್ಲಿ ಮಂಡಿಯೂರಿ ಕುಳಿತು, ತಂತಿ ಓದಿ, ಏನೂ ಮಾತನಾಡದೆ ಕೈ ಹಿಡಿದುಕೊಂಡಿದ್ದರು. 2015ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆ ಕೈದಿಗಳನ್ನು ನಡೆಸಿಕೊಳ್ಳುವ ಬಗ್ಗೆ ಕನಿಷ್ಠ ನಿಯಮಗಳನ್ನು ಒಪ್ಪಿದಾಗ ಅವಕ್ಕೆ ಮಂಡೇಲಾ ನಿಯಮಗಳು ಎಂದೇ ಹೆಸರಿಟ್ಟಿತು. ಅದರ 70ನೆಯ ನಿಯಮದ ಪ್ರಕಾರ ಹತ್ತಿರದ ಸಂಬಂಧಿಕರ ಗಂಭೀರ ಕಾಯಿಲೆಯನ್ನೋ ಸಾವನ್ನೋ ಕೈದಿಗೆ ಕೂಡಲೇ ತಿಳಿಸಬೇಕು. ಸಂದರ್ಭ ಒಪ್ಪುವಾಗೆಲ್ಲ ರೋಗಿಯ ಹಾಸಿಗೆಯ ಬಳಿಗೆ, ಅಂತ್ಯಸಂಸ್ಕಾರಕ್ಕೆ, ಬೆಂಗಾವಲಿನಲ್ಲಾದರೂ ಒಂಟಿಯಾಗಿಯಾದರೂ ಹೋಗಿಬರಲು ಬಿಡಬೇಕು. ತಾಯಿಯ, ಮಗನ ಮಣ್ಣಿಗೆ ಹೋಗಲಾಗದವನ ಹೆಸರಿನಲ್ಲೇ ಲೋಕ ಈ ಮಾತನ್ನು ಬರೆದುಕೊಂಡಿದೆ.

ಎದುರಿನ ಮನೆಯ ದುಃಖ

"ಕೊಂದವನಿಗೆ ಇಷ್ಟು ಮರುಗುತ್ತೀರಲ್ಲ, ಸತ್ತವರ ಮನೆಯವರ ದುಃಖ ಯಾರು ಕೇಳಬೇಕು?" ಎಂದು ನಿಮ್ಮಲ್ಲಿ ಯಾರಾದರೂ ಕೇಳಬಹುದು. ಇದು ನ್ಯಾಯವಾದ ಪ್ರಶ್ನೆ, ಇದಕ್ಕೆ ಉತ್ತರ ಕೊಡದೆ ನಾನು ಮುಂದೆ ಹೋಗಬಾರದು.

ಮೊದಲನೆಯದು, ಜೈಲಿನಲ್ಲಿರುವವರೆಲ್ಲ ಅಪರಾಧಿಗಳಲ್ಲ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದವರು 5,73,220 ಜನ. ಅವರಲ್ಲಿ 4,34,302 ಜನ ವಿಚಾರಣಾಧೀನರು. ನಾಲ್ವರಲ್ಲಿ ಮೂವರ ಅಪರಾಧ ಇನ್ನೂ ಸಾಬೀತಾಗಿಲ್ಲ. ಎರಡನೆಯದು, ಅಪರಾಧ ಸಾಬೀತಾದವನಿಗೂ ಕೋರ್ಟು ಶಿಕ್ಷೆಯನ್ನು ವರ್ಷದ ಲೆಕ್ಕದಲ್ಲಿ ಅಳೆದು ಕೊಟ್ಟಿದೆ. ಅದರ ಮೇಲೆ ತಾಯಿಯ ಮುಖ ನೋಡದಿರುವ ಶಿಕ್ಷೆಯನ್ನು ಯಾವ ನ್ಯಾಯಾಧೀಶರೂ ಬರೆದಿಲ್ಲ. ಮೂರನೆಯದು, ತನ್ನವರ ಸಾವಿಗೆ ಅಳಲು ಬಿಟ್ಟಾಗಲೇ ತಾನು ಮಾಡಿದ ಸಾವಿನ ಭಾರ ಮನುಷ್ಯನಿಗೆ ಗೊತ್ತಾಗುತ್ತದೆ. ಅಳುವನ್ನು ಹೂತುಬಿಟ್ಟರೆ ಅವನು ಕಲ್ಲಾಗುತ್ತಾನೆ. ಕಲ್ಲಾದವನು ಹೊರಗೆ ಬಂದರೆ ಊರಿಗೇ ಅಪಾಯ.

ಇದಕ್ಕೆ ಕನ್ನಡದಲ್ಲೇ ಸಾಕ್ಷಿ ಇದೆ. ರಂಗಾಯಣದ ಹುಲುಗಪ್ಪ ಕಟ್ಟೀಮನಿ ಜೈಲುವಾಸಿಗಳನ್ನು ಕಟ್ಟಿಕೊಂಡು ನಾಟಕ ಮಾಡಿಸಿದರು. ಗಿರೀಶ ಕಾರ್ನಾಡರ 'ತಲೆದಂಡ' ಮಾಡಿಸಿದರು; ಷೇಕ್ಸ್‌ಪಿಯರನ ಮ್ಯಾಕ್‌ಬೆತ್‌ನಿಂದ ಎಚ್.ಎಸ್. ಶಿವಪ್ರಕಾಶ್ ಬರೆದ 'ಮಾರನಾಯಕ'ನನ್ನೂ ಮಾಡಿಸಿದರು. ಕೊಲೆ ಮಾಡಿ ನಿದ್ದೆ ಕಳೆದುಕೊಂಡವನ ಕಥೆ ಅದು. ಕೊಲೆಯ ಶಿಕ್ಷೆ ಅನುಭವಿಸುವವರು ಆ ಪಾತ್ರಗಳನ್ನು ಹೊತ್ತು, ಜೈಲಿನ ಹೊರಗಿನ ರಂಗಮಂದಿರಗಳಲ್ಲಿ ಜನರ ಎದುರು ನಿಂತರು. ಎದುರಿನ ಮನೆಯ ದುಃಖಕ್ಕೆ ಇದಕ್ಕಿಂತ ದೊಡ್ಡ ಗೌರವವನ್ನು ಸರಳುಗಳಿಂದ ಮಾಡಿಸಲಾಗದು.

ನಾವು ಮಾಡಬಹುದಾದದ್ದು

ಕೊನೆಯದಾಗಿ ಕೆಲಸದ ಮಾತು. ದುಃಖಕ್ಕೆ ಮದ್ದು ಕೆಲಸ ಎಂಬುದು ಗಾಂಧೀಜಿ, ಉಮಾಬಾಯಿ, ಸ್ನೇಹಲತಾ ಮೂವರ ಬದುಕಿನಿಂದಲೂ ಕಾಣುತ್ತದೆ. ಜೈಲಿನೊಳಗಿನವನ ಕೈಗೆ ಆ ಕೆಲಸವನ್ನು ತಲುಪಿಸುವವರು ಹೊರಗಿರುವ ನಾವು.

ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟಿದ್ದರೂ, ಉಚಿತ ವಕೀಲರನ್ನು ಪಡೆಯುವ ಹಕ್ಕು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿದೆ. ಸಹಾಯವಾಣಿ 15100. ಸಾವು ಆದ ಗಳಿಗೆಯಲ್ಲೇ ಈ ನಂಬರಿಗೆ ಫೋನ್ ಹೋಗಬೇಕು. ಸೌದೆಗೆ ಓಡುವವರ ಜೊತೆಗೆ ವಕೀಲರ ಮನೆಗೆ ಓಡುವವರೂ ಒಬ್ಬರು ಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮಿನಂತೆ, ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗದವನು ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗವನ್ನು ವಿಚಾರಣಾಧೀನನಾಗಿಯೇ ಕಳೆದಿದ್ದರೆ ಬಿಡುಗಡೆಗೆ ಅರ್ಹ. ಉಳಿದವರು ಅರ್ಧ ಕಳೆದಿದ್ದರೆ ಅರ್ಹರು. ಮರಣದಂಡನೆ, ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ ಇದು ಅನ್ವಯಿಸದು. ಒಂದಕ್ಕಿಂತ ಹೆಚ್ಚು ಪ್ರಕರಣಗಳು ಬಾಕಿ ಇರುವವರಿಗೂ ಇಲ್ಲ. ನಿಮ್ಮ ಊರಿನವರು ಯಾರಾದರೂ ಈ ಲೆಕ್ಕಕ್ಕೆ ಬರುತ್ತಾರೋ ನೋಡಿ, ವಕೀಲರಿಗೆ ತಿಳಿಸಿ.

ಸಾವಿನ ಸುದ್ದಿಯನ್ನು ಜೈಲಿನಲ್ಲಿರುವವರಿಂದ ಮುಚ್ಚಿಡಬೇಡಿ. "ಬಂದ ಮೇಲೆ ಹೇಳಿದರಾಯಿತು" ಎನ್ನುವುದು ಪ್ರೀತಿಯ ಮಾತೇ ಇರಬಹುದು; ಆದರೆ ತಿಂಗಳುಗಟ್ಟಲೆ ತಾಯಿ ಬದುಕಿದ್ದಾಳೆಂದು ನಂಬಿದ್ದವನಿಗೆ ಆಮೇಲೆ ಯಾರ ಮಾತನ್ನೂ ನಂಬಲಾಗುವುದಿಲ್ಲ. ಅಂತ್ಯಕ್ರಿಯೆಯ ವಿವರವನ್ನು ಬರೆದು ಕಳಿಸಿ. ಬೆಂಕಿ ಕೊಟ್ಟವರು ಯಾರು, ಎಲ್ಲಿ ಆಯಿತು, ಯಾರ್ಯಾರು ಬಂದಿದ್ದರು, ಕೊನೆಗೆ ಏನು ಹೇಳಿದರು, ಬೊಜ್ಜ ಯಾವಾಗ, ಇವಿಷ್ಟು ಸಾಕು. ಆ ಕಾಗದವನ್ನು ಅವನು ಹತ್ತು ವರ್ಷ ಇಟ್ಟುಕೊಳ್ಳುತ್ತಾನೆ. ಜೈಲಿನ ಅಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟು: ಸುದ್ದಿ ಹೇಳುವಾಗ ಕುರ್ಚಿ ಕೊಟ್ಟು ಕೂರಿಸಿ ಹೇಳಿ; ಆ ರಾತ್ರಿ ಅವನ ಊರಿನವರೊಬ್ಬರು, ಅವನ ಭಾಷೆಯವರೊಬ್ಬರು ಪಕ್ಕದಲ್ಲಿರಲಿ; ಮನೆಗೆ ಒಂದು ಫೋನ್ ಮಾಡಲು ಬಿಡಿ. ಇದಕ್ಕೆ ಹೊಸ ಅನುದಾನ ಬೇಡ.

ಸಂಘ ಸಂಸ್ಥೆಗಳಿಗೆ, ಓದುಗ ಬಳಗಗಳಿಗೆ ಒಂದು ಮಾತು. ಜೈಲಿನ ಗ್ರಂಥಾಲಯಕ್ಕೆ ಒಳ್ಳೆಯ ಕನ್ನಡ ಪುಸ್ತಕಗಳನ್ನು ಕೊಡಿ. ತುಳು, ಕೊಂಕಣಿ, ಬ್ಯಾರಿ ಪುಸ್ತಕಗಳನ್ನೂ ಕೊಡಿ. ಯಕ್ಷಗಾನ ತಾಳಮದ್ದಳೆಯನ್ನು ವರ್ಷಕ್ಕೊಮ್ಮೆ ಒಳಗೆ ಒಯ್ಯಿರಿ. ಅದಕ್ಕಿಂತ ಮುಖ್ಯವಾಗಿ, ಜೈಲಿನಲ್ಲಿರುವವನ ಮನೆಯಲ್ಲಿ ಸಾವು ಆದರೆ ಆ ಮನೆಗೆ ಹೋಗಿ. "ಅವನ ಮನೆಗೆ ಯಾಕೆ" ಎಂದು ಊರು ಹಿಂಜರಿದರೆ ಸತ್ತವರ ಬೊಜ್ಜ ಎರಡು ಸಲ ಅನಾಥವಾಗುತ್ತದೆ.

ಈ ಸಭೆಯಿಂದ ಎದ್ದು ಹೋಗುವ ಮೊದಲು ನಿಮ್ಮ ವಠಾರದಲ್ಲಿ, ನಿಮ್ಮ ಗ್ರಾಮದಲ್ಲಿ ಅಂಥ ಮನೆ ಯಾವುದಿದೆ ಎಂದು ಯೋಚಿಸಿ. ಈ ವಾರ ಆ ಮನೆಗೆ ಒಂದು ಸಲ ಹೋಗಿ ಬನ್ನಿ. ಒಳಗಿರುವವರಿಗೆ ಒಂದು ಕಾಗದ ಬರೆಯಿರಿ. ಯಾರ ನೆನಪಿಗಾಗಿ ಈ ದತ್ತಿಯನ್ನು ಇಟ್ಟಿದ್ದಾರೋ ಆ ಹಿರಿಯರ ಆತ್ಮಕ್ಕೆ ಅದಕ್ಕಿಂತ ಒಳ್ಳೆಯ ಶ್ರದ್ಧಾಂಜಲಿ ಬೇರೆ ಇಲ್ಲ.